ಗಜೇಂದ್ರಗಡದ ಗುಡ್ಡದಿಂದ ಕಂಡ ಮಳೆ

ಮೋಟಾರು ಕೆಟ್ಟಿರಲಿಲ್ಲ. ನಮ್ಮೂರಲ್ಲಿ ಇವತ್ತಿಗೂ ನಾಲ್ಕು ಮುದುಕಿಯರು ಸೇರಿದರೆ, ಗಜೇಂದ್ರಗಡಕ್ಕೆ ಹೋದಾಗ ಮೋಟಾರಿನ ಗಾಲಿ ಕೆಟ್ಟಿತ್ತು, ಅದಕ್ಕೇ ಮನೆಗೆ ಬರುವುದು ಹೊತ್ತಾಯಿತು ಅನ್ನುತ್ತಾರೆ. ಸುಳ್ಳು. ಗಾಲಿಗೆ ಏನೂ ಆಗಿರಲಿಲ್ಲ. ನನ್ನನ್ನು ಗುಡ್ಡದ ಮೇಲೆ ಬಿಟ್ಟು ಹೋದರು, ಕರೆದೊಯ್ಯಲು ತಿರುಗಿ ಬಂದರು, ಹೊತ್ತಾಯಿತು. ಬಿಟ್ಟು ಹೋದರು ಅನ್ನುವುದೂ ಅರ್ಧ ಖರೆ. ಓಡಿದ್ದರೆ ಮೋಟಾರು ಸಿಗುತ್ತಿತ್ತು. ನಾನು ಓಡಲಿಲ್ಲ.

ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದಾಗಿನ ಮಾತು ಇದು. ಕನ್ನಡ ನಾಡು ಒಂದಾಗಲು ಒಂದೆರಡು ವರ್ಷ ಬಾಕಿ ಇತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಕಲಿತದ್ದು ಮೂರನೆಯ ಇಯತ್ತೆ. ನೋಡಿದ ಊರು ಎರಡು: ತವರು, ಗಂಡನ ಮನೆ. ಎರಡೂ ಯಾವಗಲ್ ಕಡೆಯ ಎರೆ ನೆಲದವು. ಆ ನೆಲ ಅಂಗೈಯಂತೆ ಸಪಾಟು. ನಮ್ಮ ಕಡೆ ಎತ್ತರ ಅಂದರೆ ಮೇವಿನ ಬಣವೆ.

ನಮ್ಮೂರ ಸಾಲಿ ಮಾಸ್ತರರಿಗೆ ಬೇಸಿಗೆ ಸೂಟಿಯಲ್ಲಿ ಸುಮ್ಮನೆ ಕುಳಿತು ಗೊತ್ತಿರಲಿಲ್ಲ. ಗಂಡಸರು ಸಂತೆ, ಕಚೇರಿ ಅಂತ ನಾಲ್ಕು ಊರು ತಿರುಗುತ್ತಾರೆ, ಹೆಣ್ಣುಮಕ್ಕಳು ತವರಿನ ದಾರಿ ಒಂದನ್ನೇ ನೋಡಿ ಸಾಯುತ್ತಾರೆ ಅಂತ ಅವರ ತಲೆಯಲ್ಲಿ ಹೊಕ್ಕಿತ್ತು. ಒಂದು ಮೋಟಾರು ಗೊತ್ತು ಮಾಡಿದರು. ಹೆಂಗಸರು ಮಾತ್ರ ಬರಬೇಕು, ತಾವೇ ಮುಂದೆ ನಿಂತು ಎಲ್ಲ ತೋರಿಸುತ್ತೇನೆ ಅಂದರು. ಮೊದಲು ಗಜೇಂದ್ರಗಡದ ಗುಡ್ಡ, ಬರುವಾಗ ಸೂಡಿಯ ಹೊಂಡ. ಇದು ಚಲೋ ಆದರೆ ದಸರೆ ಮುಗಿದ ಮೇಲೆ ನರಗುಂದದ ಗುಡ್ಡ, ಕೊಣ್ಣೂರಿನ ಹೊಳೆ.

ನಮ್ಮ ಮನೆಯಲ್ಲಿ ಹೂಂ ಅನ್ನುವವರು, ಬೇಡ ಅನ್ನುವವರು ಮಾವ ಒಬ್ಬರೇ. ಅವರನ್ನು ಕೇಳಲು ಅತ್ತೆ ಎಂಟು ದಿನ ತೆಗೆದುಕೊಂಡರು. ಐವತ್ತು ವರ್ಷದ ಹೆಂಗಸು, ನನಗಿಂತ ಒಂದು ಊರು ಹೆಚ್ಚು ನೋಡಿರಲಿಲ್ಲ. ಕಡೆಗೆ ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿಯೇ ಬಿಟ್ಟರು. ಮಾವ ತುತ್ತು ನುಂಗಿ ಹೇಳಿದರು, “ಹೋಗ್ರಿ. ದೀಪಾ ಹಚ್ಚೂದ್ರೊಳಗ ಮನ್ಯಾಗ ಇರಬೇಕು. ಇಲ್ಲಂದ್ರ ಇದ ಮೊದಲ, ಇದ ಕಡೀ. ಇಬ್ಬರಿಗೂ.”

ಆ ದಿನ ಬೆಳಕು ಹರಿಯುವ ಮೊದಲೇ ಹದಿನೇಳು ಮಂದಿ ಅಗಸಿಯ ಮುಂದೆ ಸೇರಿದೆವು. ಮಾಸ್ತರರು ಬೆರಳು ಎತ್ತಿ ತಲೆ ಎಣಿಸತೊಡಗಿದರು. ಎಲ್ಲರಿಗಿಂತ ಹಿರಿಯ ಆಯಿ ಒಬ್ಬಳು ಅವರ ಕೈ ಹಿಡಿದುಬಿಟ್ಟಳು.

“ಏ ಮಾಸ್ತರ, ನಾವೇನ ಕುರಿಯೇನೋ? ಮಂದೀನ ಎಣಸಬಾರದು. ಎಣಸಿದ್ರ ಒಂದ ಕಡಿಮಿ ಆಕ್ಕೈತಿ.”

“ಆಯಿ, ಎಣಸದ ಹ್ಯಾಂಗ ಕರಕೊಂಡ ಹೋಗ್ಲಿ? ಯಾರರೆ ಉಳದ್ರ?”

“ಬುತ್ತಿ ಎಣಸು. ಎಲ್ಲಾರ ಕೈಯಾಗೂ ಒಂದೊಂದ ಗಂಟ ಐತಿ. ರೊಟ್ಟಿ ಬಿಟ್ಟ ಯಾವಾಕಿ ಉಳೀತಾಳ?”

ಎಲ್ಲರೂ ನಕ್ಕರು. ಬಸುರಿ ಒಬ್ಬಳಿದ್ದಳು, “ನನ್ನ ಎಣಸಿದ್ರ ಒಂದ ಹಿಡೀತಿದ್ರೋ ಎರಡ ಹಿಡೀತಿದ್ರೋ” ಅಂದಳು. ಮಾಸ್ತರರಿಗೆ ಬೇರೆ ದಾರಿ ಇರಲಿಲ್ಲ. ನಾವು ಗಂಟು ಮೇಲೆತ್ತಿದೆವು, ಅವರು ಕಣದಲ್ಲಿ ಜೋಳ ಅಳೆಯುವಾಗ ಒಂದಕ್ಕೆ ಲಾಭ ಅನ್ನುವ ಹಾಗೆ, “ಲಾಭ, ಎರಡ, ಮೂರ” ಅಂತ ಹದಿನೇಳರ ತನಕ ಎಣಿಸಿದರು. ಎಲ್ಲಿ ಇಳಿದು ಹತ್ತಿದರೂ ಹೀಗೇ ಎಣಿಸುವುದು ಅಂತ ಠರಾವಾಯಿತು.

ಹಿರಿಯರು ಮುಂದೆ, ಸೊಸೆಯಂದಿರು ಹಿಂದೆ. ಅತ್ತೆಯ ಸರಿಸಮ ಕೂಡುವುದುಂಟೇ? ಹಿಂದೆ ಕುಳಿತವರೆಲ್ಲ ಗದ್ದದ ತನಕ ಸೆರಗು ಎಳೆದುಕೊಂಡಿದ್ದೆವು. ಸೆರಗಿನ ಬಣ್ಣ ಬಿಟ್ಟರೆ ಒಬ್ಬಳಿಗೂ ಇನ್ನೊಬ್ಬಳಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ರೋಣ ದಾಟುವುದರೊಳಗೆ ಮೂವರು ವಾಂತಿ ಮಾಡಿಕೊಂಡರು. ನಾನೂ ಅವರಲ್ಲಿ ಒಬ್ಬಳು.

ಆಮೇಲೆ ಗುಡ್ಡ ಕಂಡಿತು. ಮೊದಲು ಮೋಡ ಅಂದುಕೊಂಡೆ. ಮೋಡ ಆಗಿದ್ದರೆ ಸರಿಯಬೇಕಿತ್ತು, ಅದು ಸರಿಯಲಿಲ್ಲ. ಹತ್ತಿರ ಬಂದಷ್ಟೂ ಮೇಲೆ ಎದ್ದಿತು. ಕೆಳಗೆ ನಿಂತು ತಲೆ ಎತ್ತಿದರೆ ಸೆರಗು ಜಾರುತ್ತಿತ್ತು. ಅಷ್ಟು ಕಲ್ಲನ್ನು ಯಾರು ಒಟ್ಟಿದರು ಅಂತ ನನಗೆ ತಿಳಿಯಲಿಲ್ಲ, ಕೇಳಲು ನಾಚಿಕೆಯಾಯಿತು.

ಮೆಟ್ಟಿಲು ಹತ್ತಿ ಕಾಲಕಾಲೇಶ್ವರನ ಗುಡಿಗೆ ಹೋದೆವು. ಅಲ್ಲಿ ಮರದ ಬೇರಿನ ಬುಡದಿಂದ, ಕಲ್ಲಿನ ಸಂದಿಯಿಂದ ನೀರು ಬರುತ್ತಿತ್ತು. ಅಂತರಗಂಗೆ ಅಂದರು. ನಮ್ಮೂರ ಬಾವಿಯಲ್ಲಿ ಆಗ ಕೊಡ ಮುಳುಗುತ್ತಿರಲಿಲ್ಲ, ತಂಬಿಗೆಯಿಂದ ಬಳಿದು ತುಂಬಿಸುತ್ತಿದ್ದೆವು. ಇಲ್ಲಿ ಸುಡುವ ಕಲ್ಲಿನ ಹೊಟ್ಟೆಯಿಂದ ತಣ್ಣೀರು. ಯಾರೂ ಸೇದುತ್ತಿಲ್ಲ, ತಾನೇ ಬರುತ್ತಿದೆ. ನಾನು ಕೈ ಇಟ್ಟೆ. ಕೈ ತೆಗೆಯಲು ಮನಸ್ಸಾಗಲಿಲ್ಲ. ಹಿಂದಿನವಳು ನೂಕಿದ ಮೇಲೆ ಸರಿದೆ.

ಗುಡ್ಡದ ನೆತ್ತಿಯ ಬಯಲಿಗೆ ಹತ್ತಿದ ಮೇಲೆ ಮಾಸ್ತರರು ಯಾವ ರಾಜ ಆಳಿದ, ಯಾವ ಸರದಾರ ಕೋಟೆ ಕಟ್ಟಿದ ಅಂತೆಲ್ಲ ಹೇಳಿದರು. ನನಗೆ ಒಂದೂ ನೆನಪಿಲ್ಲ. ಆಯಿ ಕೇಳಿದ್ದು ನೆನಪಿದೆ.

“ಮಾಸ್ತರ, ಇಷ್ಟ ಮ್ಯಾಲ ಕುಂತ ಆಳಿದ್ರು ಅಂತೀಯಲ್ಲ, ಕೆಳಗಿಂದ ಜ್ವಾಳದ ಚೀಲ ಹೊತ್ತೋರ ಹೆಸರ ಗೊತ್ತದಾವೇನು?”

ಮಾಸ್ತರರು ನಕ್ಕು, ಕೊಡೆ ಚಾಚಿ ಊರು ತೋರಿಸತೊಡಗಿದರು. ಅದು ರೋಣದ ದಾರಿ, ಇದು ಇಂಥ ಹಳ್ಳಿ, ಆ ಹಳ್ಳದ ಆಚೆ ಗಿಡಗಳ ಗುಂಪು ಕಾಣುತ್ತದಲ್ಲ, ಅದು ಮುಶಿಗೇರಿ. ಅದನ್ನು ಕೇಳಿ ಅತ್ತೆ ನನ್ನನ್ನು ತಿವಿದರು. ಮುಶಿಗೇರಿಯಲ್ಲಿ ಮಾವನದೊಂದು ಹೊಲ ಇತ್ತು, ಅವರ ತಾಯಿಯ ಕಡೆಯಿಂದ ಬಂದದ್ದು. ಮಳೆ ಬಿದ್ದ ಕೂಡಲೇ ಎತ್ತು, ಬೀಜ ಕಳಿಸಿ ಹೆಸರು ಬಿತ್ತಬೇಕು, ನಾಲ್ಕು ದಿನ ತಡವಾದರೆ ಹಸಿ ಆರಿತು. ಆದರೆ ಅಲ್ಲಿ ಮಳೆ ಬಿತ್ತು ಅಂತ ನಮ್ಮೂರಿಗೆ ಸುದ್ದಿ ಮುಟ್ಟುವುದಕ್ಕೇ ನಾಲ್ಕು ದಿನ. ಆ ತಿಂಗಳೆಲ್ಲ ಮಾವ ಮುಗಿಲು ನೋಡುತ್ತಲೇ ಇದ್ದರು. ಅಂಥ ಹೊಲ, ಅಂಥ ಊರು, ಇಲ್ಲಿಂದ ನನ್ನ ಹೆಬ್ಬೆರಳಿನ ಉಗುರಿನೊಳಗೆ ಮುಚ್ಚಿಹೋಯಿತು. ನಾನು ಮೂರು ಸಲ ಮುಚ್ಚಿ ತೆಗೆದು ನೋಡಿದೆ.

ಮಧ್ಯಾಹ್ನ ಅರ್ಧ ಬುತ್ತಿ ಉಂಡು, ಇನ್ನರ್ಧ ಸೂಡಿಯ ಹೊಂಡದಲ್ಲಿ ಉಣ್ಣಲು ಕಟ್ಟಿದೆವು. ಇಳಿಯುವಾಗ ಗುಡಿ ದಾಟಿದ ಮೇಲೆ ಅತ್ತೆಗೆ ನೆನಪಾಯಿತು.

“ಏ, ತಂಬಿಗಿ ತುಂಬಿಕೊಳ್ಳಾಕ ಮರತೆವಲ್ಲ. ನಿಮ್ಮ ಮಾವಗ ಗಂಗಿ ಒಯ್ಯಬೇಕ. ಗಂಟ ಇಲ್ಲೆ ತಾ, ಲಗೂನ ಹೋಗಿ ಬಾ.”

ನನ್ನ ಗಂಟು ಅವರ ಕೈಗೆ ಕೊಟ್ಟು ಓಡಿದೆ. ತಂಬಿಗೆ ತುಂಬಿತು. ಕೆಳಗೆ ಇಳಿಯಬೇಕು. ಇಳಿಯಲಿಲ್ಲ. ಇನ್ನೊಮ್ಮೆ ನೋಡಿ ಬರೋಣ ಅಂತ ಬಯಲಿಗೆ ಹತ್ತಿದೆ.

ಅಲ್ಲಿ ಮಳೆ ಬೀಳುತ್ತಿತ್ತು. ನನ್ನ ಮೇಲೆ ಅಲ್ಲ. ನನ್ನ ಮೇಲೆ ಬಿಸಿಲೇ ಇತ್ತು. ದೂರದಲ್ಲಿ ಒಂದು ಕರಿ ಮೋಡ ತಗ್ಗಿ ನಿಂತಿತ್ತು, ಅದರ ಅಡಿಯಿಂದ ನೆಲದ ತನಕ ಮಳೆ. ಜರಡಿ ಹಿಡಿದು ಹಿಟ್ಟು ಸಾಣಿಸುತ್ತಾರಲ್ಲ, ಹಾಗೆ. ಅಲ್ಲಿಯ ತನಕ ನನಗೆ ಮಳೆ ಅಂದರೆ ತಲೆಯ ಮೇಲೆ ಬೀಳುವಂಥದ್ದು, ಒಲೆಗಿಟ್ಟ ಕುಳ್ಳು ತೋಯಿಸುವಂಥದ್ದು. ಮಳೆಗೂ ಮಗ್ಗುಲು ಇದೆ, ಅದಕ್ಕೆ ಒಂದು ಅಂಚಿದೆ, ಅಂಚಿನ ಈಚೆ ದಾರಿ ಒಣಗಿರುತ್ತದೆ, ಆಚೆ ತೋಯ್ದಿರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಚಕ್ಕಡಿಯೊಂದು ಇರುವೆಯಂತೆ ಒಣ ದಾರಿಯಲ್ಲಿ ಹೋಗುತ್ತಿತ್ತು. ಒಳಗಿದ್ದವನಿಗೆ ಮುಂದೆ ಮಳೆ ಇದೆ ಅಂತ ಗೊತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಆ ಮಳೆ ನಿಂತಲ್ಲಿ ನಿಲ್ಲದೆ ನಡೆಯುತ್ತಿತ್ತು. ಹಳ್ಳ ದಾಟಿತು. ಮಾಸ್ತರರು ತೋರಿಸಿದ ಗಿಡಗಳ ಗುಂಪು ಮಸುಕಾಯಿತು, ಆಮೇಲೆ ಇಲ್ಲವಾಯಿತು. ಮುಶಿಗೇರಿಯ ಮೇಲೆ ಬೀಳುತ್ತಿತ್ತು.

ಕೆಳಗೆ ಪೋಂ ಪೋಂ ಅಂತ ಸದ್ದು ಬಂತು. ನೋಡಿದರೆ ನಮ್ಮ ಮೋಟಾರು. ಅದೂ ಒಂದು ಹುಳದಷ್ಟೇ ಇತ್ತು. ಇನ್ನೂ ಹೊರಟಿರಲಿಲ್ಲ. ಕೂಗಿದ್ದರೆ ಕೇಳುತ್ತಿತ್ತೋ ಏನೋ. ಓಡಿದ್ದರಂತೂ ಖಂಡಿತ ಸಿಗುತ್ತಿತ್ತು. ದೀಪದ ಮಾತು ನೆನಪಿತ್ತು, ಮಾವನ ಮಾತು ನೆನಪಿತ್ತು. ಆದರೆ ಮಳೆ ಇನ್ನೂ ಮುಗಿದಿರಲಿಲ್ಲ. ನಾನು ನಿಂತೆ. ಮೋಟಾರು ಧೂಳೆಬ್ಬಿಸಿಕೊಂಡು ಹೋಯಿತು.

ಹೆದರಿಕೆ ಆಗಲಿಲ್ಲವೇ ಅಂತ ಮೊಮ್ಮಗಳು ಕೇಳುತ್ತಾಳೆ. ಆಯಿತು, ಮಳೆ ನಿಂತ ಮೇಲೆ. ಗಾಳಿಯ ಜೊತೆ ತೋಯ್ದ ಮಣ್ಣಿನ ವಾಸನೆ ಅಷ್ಟು ದೂರದಿಂದ ಗುಡ್ಡ ಹತ್ತಿ ಬಂತು. ಸುತ್ತ ಒಬ್ಬರೂ ಇಲ್ಲ. ಹುಟ್ಟಿದಂದಿನಿಂದ ನಾನು ಒಬ್ಬಳೇ ಎಲ್ಲಿಯೂ ನಿಂತವಳಲ್ಲ. ಸೆರಗು ಯಾವಾಗಲೋ ಹೆಗಲಿಗೆ ಬಿದ್ದಿತ್ತು. ಅದನ್ನು ತಲೆಗೆ ಎಳೆದುಕೊಂಡೆ, ಯಾರಿಗೆ ಅಂತ ಎಳೆದುಕೊಂಡೆನೋ.

ಮೋಟಾರಿನಲ್ಲಿ ಆದದ್ದು ಆಮೇಲೆ ತಿಳಿಯಿತು. ಮಾಸ್ತರರು ಗಂಟು ಎಣಿಸಿದ್ದರು. ಅತ್ತೆ ಎರಡೂ ಕೈಯಲ್ಲಿ ಎರಡು ಗಂಟು ಎತ್ತಿದ್ದರು, ಹದಿನೇಳು ಸರಿಯಾಗಿ ಬಂದಿತ್ತು. ಸೊಸೆಯ ಗಂಟು ಅತ್ತೆಯ ಕೈಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ಅತ್ತೆ ತಿರುಗಿ, “ನಮ್ಮಾಕಿ ಬಂದಾಳೇನು?” ಅಂದಿದ್ದರು. ಹಿಂದಿನಿಂದ ಯಾವಳೋ, “ಹೂಂ, ಎಲ್ಲಾರೂ ಬಂದಾರ” ಅಂದಿದ್ದಳು. ಸೂಡಿಯ ಹೊಂಡದ ದಂಡೆಯಲ್ಲಿ ಎಲ್ಲರೂ ಗಂಟು ಬಿಚ್ಚಿದ ಮೇಲೆ, ಒಂದು ಗಂಟಿನ ರೊಟ್ಟಿಗೆ ಉಣ್ಣುವವರು ಇರಲಿಲ್ಲ.

ಹದಿನಾರು ಮಂದಿ ಹೊಂಡ ನೋಡದೆ, ಊಟ ಬಿಟ್ಟು ತಿರುಗಿ ಬಂದರು. ಮೆಟ್ಟಿಲು ಹತ್ತಿ ಅತ್ತೆ ಬಂದಾಗ ಅವರ ಬಾಯಲ್ಲಿ ಉಸಿರು ನಿಲ್ಲುತ್ತಿರಲಿಲ್ಲ.

“ಸತ್ತಿ ಅಂತ ತಿಳಕೊಂಡಿದ್ನಲ್ಲ. ಎಲ್ಲಿ ಹಾಳಾಗಿ ಹೋಗಿದ್ದಿ?”

“ಇಲ್ಲೇ ಇದ್ದೆ ಅತ್ತಿ. ಮಳಿ ನೋಡಕೋತ ನಿಂತಿದ್ದೆ.”

“ಮಳಿ ನೋಡಾಕ ಗುಡ್ಡ ಬೇಕೇನ ನಿನಗ? ನಮ್ಮ ಪಡಸಾಲ್ಯಾಗ ಸೋರತೈತಲ್ಲ, ಅದನ್ನ ನೋಡು.”

ಬೈಯುತ್ತಲೇ ನಾನು ತೋರಿಸಿದ ಕಡೆ ನೋಡಿದರು. ಮಳೆ ಮುಶಿಗೇರಿ ಬಿಟ್ಟು ಇನ್ನೂ ಆಚೆ ಹೋಗಿತ್ತು, ತೆಳ್ಳಗಾಗಿತ್ತು. ಬಿಸಿಲು ಅದರೊಳಗಿಂದ ಹಾಯುತ್ತಿತ್ತು. ಅತ್ತೆಯ ಬೈಗುಳ ನಡುವೆ ನಿಂತುಹೋಯಿತು. ಕಲ್ಲಿನ ಮೇಲೆ ಕುಳಿತರು. ಕೆಳಗಿಂದ ಮಾಸ್ತರರು ಎರಡು ಸಲ ಕರೆದರು. ಅತ್ತೆ ಏಳಲಿಲ್ಲ.

“ಹಿಂಗಿರತೈತೇನ ಇದು,” ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ದೀಪಾ ಹಚ್ಚೂ ಹೊತ್ತ ಮೀರತೈತಿ. ಇನ್ನ ನಮ್ಮ ಕೊಣ್ಣೂರ ಹೊಳಿ ಮುಗೀತ.”

ಗಾಲಿಯ ಸುಳ್ಳು ಹುಟ್ಟಿದ್ದು ಮೋಟಾರಿನೊಳಗೆ. ಹೇಳಿದವರು ಅತ್ತೆ. ಹದಿನೇಳು ಮಂದಿಯೂ ಒಪ್ಪಿದರು, ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಮಾವ ಇದ್ದ. ಮಾಸ್ತರರು ಸುಳ್ಳು ಹೇಳುವುದಿಲ್ಲ ಅಂದರು. ಆಯಿ, “ಹಂಗಾರ ಮುಂದಿನ ಸಲ ಹೊಳೀಗೆ ನೀ ಒಬ್ಬನ ಹೋಗು” ಅಂದಳು. ಅವರೂ ಒಪ್ಪಿದರು. ಯಾವ ಗಾಲಿ ಅಂತ ಮಾತ್ರ ಯಾರೂ ಮಾತಾಡಿಕೊಳ್ಳಲಿಲ್ಲ.

ಮನೆ ಮುಟ್ಟಿದಾಗ ದೀಪ ಉರಿಯುತ್ತಿತ್ತು. ಮಾವನೇ ಹಚ್ಚಿದ್ದರು. ಅತ್ತೆ ಗಾಲಿಯ ಮಾತು ಹೇಳಿದರು. ಮಾವ ದೀಪ ಸಣ್ಣದು ಮಾಡಿ ಮಲಗಿದರು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಾವ ಬಾವಿಯಿಂದ ಬಂದು ಪಡಸಾಲೆಯಲ್ಲಿ ಕುಳಿತರು. ಅತ್ತೆ ಕಸ ಹೊಡೆಯುತ್ತಿದ್ದರು.

“ಯಾವ ಗಾಲಿ ಕೆಟ್ಟಿತ್ತು?”

“ಮುಂದಿಂದು.”

“ಮಾಸ್ತರ ಬಾವಿ ಕಡೆ ಸಿಕ್ಕಿದ್ದ. ಹಿಂದಿಂದು ಅಂದ.”

ಅತ್ತೆ ಹೊಡೆದ ಜಾಗವನ್ನೇ ಮತ್ತೆ ಹೊಡೆದರು. ಮಾವ ಅವರನ್ನು ಬಿಟ್ಟು ಬಾಗಿಲಾಚೆ ಮುಗಿಲು ನೋಡಿದರು. “ಮುಶಿಗೇರಿ ಕಡೆ ಒಂದ ಹನಿ ಬಿತ್ತೋ ಇಲ್ಲೋ. ಯಾರ ಹೇಳಬೇಕು” ಅಂದರು, ತಮಗೆ ತಾವೇ.

ನಾನು ಸುಮ್ಮನಿರಬಹುದಿತ್ತು. ರಾತ್ರಿಯೆಲ್ಲ ಆ ಮಳೆ ಕಣ್ಣಲ್ಲಿತ್ತು, ಗಂಡನಿಗೂ ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ಗುಡ್ಡದ ಮೇಲೆ ನಿಂತಿದ್ದೂ ಹೇಳಬೇಕು.

“ಬಿದ್ದೈತ್ರಿ,” ಅಂದೆ, ಬಾಗಿಲ ಮರೆಯಿಂದ. ಮೂರು ವರ್ಷದಲ್ಲಿ ಮಾವನ ಜೊತೆ ನಾನಾಗಿ ಆಡಿದ ಮೊದಲ ಮಾತು.

“ಯಾರ ಹೇಳಿದ್ರು?”

“ನಾ ನೋಡೀನ್ರಿ. ಗಾಲಿ ಕೆಟ್ಟಿಲ್ಲ. ನಾ ಗುಡ್ಡದ ಮ್ಯಾಲ ಉಳದಿದ್ದೆ. ಓಡಿದ್ರ ಮೋಟಾರ ಸಿಗತಿತ್ರಿ, ಮಳಿ ನೋಡಕೋತ ನಿಂತೆ. ಅತ್ತೀದ ತಪ್ಪಿಲ್ಲ.”

ಕಸಬರಿಗೆಯ ಸದ್ದು ನಿಂತಿತು. ಮಾವ ನನ್ನ ದನಿ ಬಂದ ಕಡೆ ತಿರುಗಿ ಕುಳಿತರು.

“ಹಳ್ಳದ ಈ ಕಡೆ ಬಿತ್ತೋ, ಆ ಕಡೆ ಬಿತ್ತೋ?”

ಮಾತಿನಲ್ಲಿ ಹೇಳಲು ಬರಲಿಲ್ಲ. ಹೊರಗೆ ಬಂದು ಹೊಸ್ತಿಲ ಬಳಿ ಕುಳಿತು, ಕೈಯಲ್ಲಿದ್ದ ಜೋಳದ ಹಿಟ್ಟು ಸುರಿದು ನೆಲದ ಮೇಲೆ ಗುಡ್ಡ ಮಾಡಿದೆ, ದಾರಿ ಎಳೆದೆ, ಹಳ್ಳ ಎಳೆದೆ. ಮಳೆ ಎಲ್ಲಿಂದ ಬಂತು, ಎಲ್ಲಿ ದಟ್ಟವಾಯಿತು, ಎಷ್ಟು ಹೊತ್ತು ನಿಂತಿತು ಅಂತ ಬೆರಳಿನಿಂದ ತೋರಿಸಿದೆ. ಮಾವ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು. ಒಂದು ಕಡೆ ಬೆರಳಿಟ್ಟು, “ಇಲ್ಲಿ?” ಅಂದರು. ಹೌದ್ರಿ ಅಂದೆ. ಅದು ನಮ್ಮ ಹೊಲ. ಎದ್ದು ಮಗನನ್ನು ಕೂಗಿ, ಎತ್ತು ಹೂಡು, ಬೀಜದ ಚೀಲ ತೆಗೆ ಅಂದರು.

ಹೊರಗೆ ಹೋಗುತ್ತ ಬೆನ್ನು ತಿರುಗಿಸಿಯೇ ಹೇಳಿದರು, “ಹೊಳೀಗೆ ಹೋದಾಗ ನಿನ್ನ ಗಂಟ ನಿನ್ನ ಕೈಯಾಗ ಇರ್ಲಿ.”

ಅತ್ತೆ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಒಲೆಯ ಹತ್ತಿರ ಹೋದೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅದನ್ನು ಎಮ್ಮೆಗೆ ಹಾಕಿ, ಮುಶಿಗೇರಿಗೆ ಹೋಗುವವರ ಬುತ್ತಿಗೆ ಎಂಟು ರೊಟ್ಟಿ ಹೆಚ್ಚಿಗೆ ಬಡಿದೆ.