ಚಹಾಕ್ಕೆ ಮೊದಲು

ಅಥವಾ ಆ ನೀರು ಅಷ್ಟೊಂದು ನೀಲಿ ಇರಲಿಲ್ಲವೇನೋ. ನೆನಪಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಗಾಢವಾಗುತ್ತಿದೆ, ಹಾಗಾಗಿ ನಾನು ಅದನ್ನು ನಂಬುವುದಿಲ್ಲ. ನಂಬುವುದು ಅತ್ತೆಯ ಬೆನ್ನನ್ನು. ರಾಯಚೂರಿನ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಸ್ಪಿರಿಟ್ ದೀಪದ ಮುಂದೆ, ಇಕ್ಕಳದಲ್ಲಿ ಗಾಜಿನ ನಳಿಗೆ ಹಿಡಿದು ಕುಳಿತ ಬೆನ್ನು. ನಳಿಗೆಯಲ್ಲಿ ಔಷಧದಂಗಡಿಯಿಂದ ತಂದ ನೀಲಿ ನೀರು, ಅದರೊಳಗೆ ಅವರದೇ ಮೂತ್ರದ ಕೆಲವು ಹನಿ.

ಕಾಸಿದ ಮೇಲೂ ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ವಿಪರೀತ. ಎಪ್ಪತ್ತರ ದಶಕದಲ್ಲಿ ಡಾಕ್ಟರು ಕಲಿಸಿಕೊಟ್ಟಿದ್ದ ಪರೀಕ್ಷೆ. ಕಲಿತವರು ಬಹಳ ಮಂದಿ, ನಾಲ್ಕು ದಿನ ಮಾಡಿ ಬಿಟ್ಟವರೂ ಬಹಳ ಮಂದಿ. ಅತ್ತೆ ಬಿಡಲಿಲ್ಲ. ದೇವದುರ್ಗದಲ್ಲಿ ಅವರ ಅಕ್ಕನ ಕಾಲ್ಬೆರಳುಗಳನ್ನು ಇದೇ ಬೇನೆಗೆ ಕತ್ತರಿಸಿದ್ದರು.

"ಮನಸ್ಸಿಗೆ ಕೇಳಾಕ ಹೋಗಬಾರ್ದು, ಅದು ನಾಳಿ ಅಂತದ," ಎನ್ನುತ್ತಿದ್ದರು. "ಇದಾಗೂತನಾ ಚಾ ಇಲ್ಲ ಅಂತ ಇಟ್ಕೊಂಡೀನಿ. ಚಾದ ಆಸೇಕ್ಕರ ಏಳ್ತೀನಿ." ಊಟದ ನಂತರದ ತಿರುಗಾಟಕ್ಕೂ ಇಂಥದೇ ಹೂಟ. ಚಪ್ಪಲಿ ಕೈ ತೊಳೆಯುವ ಜಾಗದಲ್ಲೇ ಬಿದ್ದಿರುತ್ತಿತ್ತು. ಮೆಟ್ಟದೆ ಒಳಗೆ ಬರಬೇಕೆಂದರೆ ದಾಟಿಯೇ ಬರಬೇಕು.

ನಳದ ಹತ್ತಿರ ಪಕ್ಕದ ಮನೆಯ ರಜಿಯಾ ಕೇಳಿದಳು: "ಯಾಕವಾ, ನಿಮ್ಮತ್ತಿ ಮುಂಜಾನೆದ್ದು ಯಾರಿಗೆ ಶರಬತ್ ಕಾಸ್ತಾಳ?" ಎಲ್ಲರೂ ನಕ್ಕರು. ನಾನು ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದೆ. ಅತ್ತೆಗೆ ನಾಚಿಕೆಯೇ ಇಲ್ಲ, ಅವರ ಪಾಲಿನದೂ ನನಗೇ ಬಂದಿದೆ ಅಂದುಕೊಂಡೆ.

ಆಗ ನಾದಿನಿ ಶೋಭಾಳನ್ನು ನೋಡಲು ಮಾನ್ವಿಯಿಂದ ಗಂಡಿನವರು ಬರುವವರಿದ್ದರು. ಹಿಂದೊಂದು ಸಂಬಂಧ, ತಾಯಿಯ ಸಕ್ಕರೆ ಬೇನೆ ಮಗಳಿಗೂ ಇಳಿಯುತ್ತದೆಂಬ ಮಾತಿಗೇ ಮುರಿದಿತ್ತು.

"ಯವ್ವಾ, ನಾಳಿ ಒಂದಿನ ಅದನ್ನ ಬಿಡು," ಎಂದರು ನನ್ನ ಗಂಡ.

"ಅವ್ರು ಬರೂದ್ರಾಗ ಮುಗಸ್ತೀನಿ ತಗೊ."

ಮರುದಿನ ಗಂಡಿನವರು ಮೊದಲ ಬಸ್ಸಿಗೇ ಬಂದುಬಿಟ್ಟರು. ಹುಡುಗನ ತಾಯಿ ಕಾಲು ತೊಳೆಯಲು ನೇರ ಹಿತ್ತಲಿಗೇ ಬಂದರು, ಹಿಂದೆಯೇ ನನ್ನ ಗಂಡ ಮತ್ತು ನಾನು. ನಳಿಗೆ ದೀಪದ ಮೇಲಿತ್ತು.

"ಅದು ಕಣ್ಣಿನ ಔಷಧ ರೀ," ಎಂದರು ನನ್ನ ಗಂಡ.

"ಕಣ್ಣಿಂದಲ್ರಿ," ಅತ್ತೆ ತಿರುಗದೆಯೇ ಅಂದರು. "ಉಚ್ಚಿ ಕಾಸಾಕತ್ತೀನಿ. ನಂಗ ಸಕ್ಕರಿ ಬ್ಯಾನಿ ಅದ. ಕುಂದರ್ರಿ, ಚಾ ಇಡ್ತೀನಿ."

ಒಳಗೆ ಶೋಭಾ ಅತ್ತಳು. ಅಥವಾ ಅದು ಹಿಂದಿನ ಸಂಬಂಧ ಮುರಿದಾಗಿನ ಅಳುವೋ.

ಉಪ್ಪಿಟ್ಟು, ಶಿರಾ ಮುಗಿದವು. ಗಂಡಸರು ಭತ್ತದ ಮಾತಿಗಿಳಿದಿದ್ದರು, ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಹಿತ್ತಲ ಮೂಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಹುಡುಗನ ತಾಯಿ ಅಲ್ಲಿಗೆ ಬಂದು ಅತ್ತೆಯನ್ನು ತಗ್ಗಿದ ದನಿಯಲ್ಲಿ ಕೇಳಿದರು: "ಅಕ್ಕಾರ, ಅದ್ರಾಗ ನಂದೂ ಒಮ್ಮಿ ನೋಡ್ತೀರೇನ್ರಿ? ನಮ್ಮನಿಯವ್ರಿಗೆ ಮಾತ್ರ ಅನಬ್ಯಾಡ್ರಿ."

ಅತ್ತೆ ಮತ್ತೆ ದೀಪ ಹಚ್ಚಿದರು. ಬೆನ್ನು ನನ್ನ ಕಡೆ, ನಳಿಗೆಗೆ ಸೆರಗಿನ ಮರೆ. ಕುದಿಯುವ ಸದ್ದು ಕೇಳಿಸಿತು, ಬಣ್ಣ ಕಾಣಲಿಲ್ಲ. ಗಟಾರಕ್ಕೆ ಸುರಿದು ಮೇಲೆ ಚೊಂಬು ನೀರು ಹೊಯ್ದು, ಆಕೆಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಮುಖ ತೊಳೆದುಕೊಂಡು ಒಳಗೆ ಹೋಗಿ, "ಹುಡುಗಿ ನಮಗ ಪಸಂದ್ ಅದಾಳ್ರಿ," ಎಂದರು.

ಬೀಗರು ಒಬ್ಬರಿಗೊಬ್ಬರು ಬಾಯಿಗೆ ಸಕ್ಕರೆ ಹಾಕುವಾಗ ಈ ಇಬ್ಬರು ಹೆಂಗಸರೂ ಅದನ್ನು ನಾಲಿಗೆಗೆ ತಾಗಿಸದೆ ಸೆರಗಿಗೆ ಇಳಿಸಿಕೊಂಡರು. ಇದನ್ನು ಕಂಡೆನೋ, ಕತೆ ಚೆಂದವಾಗಲೆಂದು ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ.

ಎಂಬತ್ತರ ದಶಕದಲ್ಲಿ, ಅತ್ತೆಯ ಕೊನೆಯ ವರ್ಷ, ಅವರ ಕೈ ನಡುಗತೊಡಗಿ ನಳಿಗೆ ಹಿಡಿಯುವ ಕೆಲಸ ನನಗೆ ಬಂತು. ನಾನು ರಜಿಯಾಳ ಮನೆಯ ಕಡೆ ಬೆನ್ನು ಮಾಡಿ ಕುಳಿತೆ. ಅತ್ತೆ ನಕ್ಕರು.

"ನೀನೂ ಬೆನ್ನ ಮಾಡ್ತಿ ನೋಡು. ನಾನೂ ಅದಕ್ಕ ದಿನಾ ಹಿಂಗ ಕುಂದರ್ತಿದ್ದೆ. ನಾಚಿಕಿ ಹೋಗ್ಲಿ ಅಂತ ಕಾದಿದ್ರ ನನ್ನ ಕಾಲಾಗ ಬೆರಳು ಇರ್ತಿದ್ವೇನು?"

ಮಾನ್ವಿಯ ಬೀಗತಿಯದು ಯಾವ ಬಣ್ಣ ಬಂದಿತ್ತೆಂದು ಆಗ ಕೇಳಿದೆ.

"ಅದು ಆಕಿದು," ಎಂದರು. "ದೀಪ ಸಣ್ಣ ಮಾಡು, ಉಕ್ಕತದ."

ಈಗ ಅತ್ತೆಯೂ ಇಲ್ಲ, ಬೀಗತಿಯೂ ಇಲ್ಲ. ಆ ಬಣ್ಣ ಯಾವುದಿತ್ತೋ ನನಗೆ ಗೊತ್ತಿಲ್ಲ. ಬಂದವರೆದುರು ಉಚ್ಚಿ ಕಾಸಾಕತ್ತೀನಿ ಅಂದಾಗ ಅತ್ತೆಯ ಮುಖ ಹೇಗಿತ್ತೋ, ಅದೂ ಗೊತ್ತಿಲ್ಲ. ನನ್ನ ಕಡೆ ಇದ್ದದ್ದು ಬೆನ್ನು.