ರಾಗಿಕಾಳಿನಷ್ಟು ಸಂದು

ನಮ್ಮವ್ವ ಪೂಜಿಸುವ ಮಾದಪ್ಪನ ಪಟದ ಗಾಜು ಒಡೆದವನು ಕಾಮಗೆರೆಯ ಕಮ್ಮಾರ ಕೆಂಚಯ್ಯ. ಎಂಟು ವರ್ಷವಾಯಿತು, ನಾನದನ್ನು ಮರೆತಿಲ್ಲ. ಮರೆಯಲು ಅವ್ವ ಬಿಡುವುದೂ ಇಲ್ಲ. ಗಾಜಿಲ್ಲದ ಪಟದ ಮೇಲೆ ನೊಣ ಕೂತಾಗಲೆಲ್ಲ ನೊಣವನ್ನು ಓಡಿಸುವುದು ಬಿಟ್ಟು ನನ್ನ ಮುಖ ನೋಡುತ್ತಾಳೆ.

ಕೆಂಚಯ್ಯ ಸುತ್ತಲ ಹಳ್ಳಿಗಳಿಗೆಲ್ಲ ಹೆಸರಾದವನು. ಅವನ ಕೆಲಸ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಬಿಗಿಯುವುದು. ಹಳಿಯನ್ನು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಹಿಗ್ಗಿದಾಗಲೇ ಮರದ ಚಕ್ರಕ್ಕೆ ತೊಡಿಸಿ ನೀರು ಹುಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಅವನು ತೊಡಿಸಿದ ಹಳಿ ಮಾದೇಶ್ವರನ ಬೆಟ್ಟದ ದಾರಿಯ ಕಲ್ಲಿಗೂ ಬಿಚ್ಚಿದ್ದಿಲ್ಲ. ಮದುವೆಗೆ ಕರೆದರೆ ಊಟಕ್ಕೆ ಮುಂಚೆ ಚಪ್ಪರದ ಕಂಬ ಅಲ್ಲಾಡಿಸಿ ನೋಡುವ ಪ್ರಾಣಿ. ಕುಲುಮೆಯ ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟಿತ್ತು. ಕೊಳ್ಳೇಗಾಲದಲ್ಲಿ ಯಾರೋ ದೊಡ್ಡ ಸಾಹೇಬರು ಒಳ್ಳೆಯ ಚಕ್ರಕ್ಕೆಂದು ಕೊಟ್ಟದ್ದು. ಇಂಗ್ಲಿಷಿನಲ್ಲಿತ್ತು. ಓದಬಲ್ಲವರು ಊರಿನಲ್ಲಿ ಇಲ್ಲದ್ದರಿಂದ ಅದರಲ್ಲಿ ಬರೆದಿದ್ದ ಹೊಗಳಿಕೆ ವರ್ಷವರ್ಷವೂ ಬೆಳೆಯುತ್ತಿತ್ತು.

ಯುದ್ಧ ಮುಗಿದ ಮರುವರ್ಷ. ನನ್ನ ಗಾಡಿ ಆಗ ಯಳಂದೂರಿನ ಮೇಲಿನ ಬೆಟ್ಟದ ಕಾಫಿ ತೋಟಕ್ಕೆ ಅಕ್ಕಿ, ರಾಗಿ ಹೊರುತ್ತಿತ್ತು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಬಾಡಿಗೆಯಿಂದ. ಬಂಗಲೆಯಲ್ಲಿ ತೋಟದ ಇಂಗ್ಲಿಷ್ ದೊರೆಯ ಚಳಿಗೆಂದು ಅವನ ಸೀಮೆಯಿಂದ ಬಂದ ಕಬ್ಬಿಣದ ಸೌದೆ ಒಲೆಯಿತ್ತು. ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಗಾಜು. ನಮ್ಮ ಹೆಂಗಸರು ಊದಿ ಊದಿ ಕಣ್ಣು ಕೆಡಿಸಿಕೊಳ್ಳುವ ಬೆಂಕಿಯನ್ನು ದೊರೆ ಕುರ್ಚಿಯಲ್ಲಿ ಕೂತು ಗಾಜಿನಲ್ಲಿ ನೋಡಿ ಸಂತೋಷಪಡುತ್ತಿದ್ದ. ಅವನು ರಜೆ ಮುಗಿಸಿ ಬರುತ್ತಾನೆಂದು ತೋಟದ ಲೆಕ್ಕ ಬರೆಯುವ ರೈಟರು ಶಿವರುದ್ರಸ್ವಾಮಿ ಆ ಬಾಗಿಲನ್ನು ಬಿಚ್ಚಿ, ಉಜ್ಜಿ ತೊಳೆದು, ಒಣಗಲೆಂದು ಒರಗಿಸಿದ್ದು ಎಲ್ಲಿಗೆ? ನನ್ನ ಗಾಡಿಯ ಚಕ್ರಕ್ಕೆ. ಎತ್ತು ಒಂದು ಹೆಜ್ಜೆ ಇಟ್ಟಿತು, ಗಾಜು ಹೋಯಿತು. ತಪ್ಪು ಎತ್ತಿನದು, ಎತ್ತು ನನ್ನದು. ರೈಟರ ನ್ಯಾಯ ಅಲ್ಲಿಗೆ ಮುಗಿಯಿತು. ಹತ್ತು ದಿನದೊಳಗೆ ಹೊಸ ಗಾಜು ಕೂರದಿದ್ದರೆ ಬಾಡಿಗೆ ಬಂಡಳ್ಳಿಯವನ ಗಾಡಿಗೆ ಎಂದರು.

ಕೊಳ್ಳೇಗಾಲದ ಪಟದ ಅಂಗಡಿಯವನು, ಯುದ್ಧ ಶುರುವಾದ ಮೇಲೆ ಗಾಜೇ ಬಂದಿಲ್ಲ, ಇರುವುದನ್ನು ತಂದರೆ ಅಳತೆಗೆ ಕೊಯ್ದುಕೊಡುತ್ತೇನೆ ಎಂದ. ನಮ್ಮಲ್ಲಿ ಇದ್ದದ್ದು ಮಾದಪ್ಪನ ಗಾಜೊಂದೇ. ಅವ್ವ ಆ ದಿನವೆಲ್ಲ ಪಟದ ಮುಂದಿನಿಂದ ಏಳಲಿಲ್ಲ. ಮಾರನೆಯ ದಿನ ತಾನೇ ಪಟ ಇಳಿಸಿಕೊಟ್ಟಳು.

ಅಳತೆಗೆ ಕೊಯ್ಯಿಸಿದ ಗಾಜು, ಬಾಗಿಲು ಎರಡನ್ನೂ ಕೆಂಚಯ್ಯನ ಮುಂದಿಟ್ಟೆ. ಚೌಕಟ್ಟಿನಲ್ಲಿ ಗಾಜಿನ ಸುತ್ತ ತುರುಕಿದ್ದ ಬಿಳಿ ಹಗ್ಗವನ್ನು ನೋಡಿ ನಕ್ಕ. ಬಿಗಿ ಮಾಡಲು ಬಾರದ ದೊರೆಯ ಊರಿನ ಕಮ್ಮಾರ ಹಗ್ಗ ತುಂಬಿ ಮಾನ ಉಳಿಸಿಕೊಂಡಿದ್ದಾನಂತೆ. ಹಗ್ಗ ಕಿತ್ತು ಬೂದಿಗೆಸೆದ. ಚೌಕಟ್ಟನ್ನು ಕಾಯಿಸಿದ, ಗಾಜನ್ನು ಇಟ್ಟ, ಚಕ್ರಕ್ಕೆ ಹುಯ್ಯುವ ಹಾಗೆಯೇ ಒಂದು ಚೊಂಬು ನೀರು ಹುಯ್ದ. ಟಿಣ್ ಎಂದಿತು. ಒಂದು ಗಾಜು ತಂದವನಿಗೆ ನಲವತ್ತು ಸಿಕ್ಕಿತು.

ಹಳಿ ಹಾಕಿಸಲು ಬಂದ ಏಳೆಂಟು ಗಾಡಿಯವರು ನೋಡುತ್ತಿದ್ದರು. ನನಗೆ ಕೋಪ ಬಂದರೆ ಬಾಯಿ ಮುಂದೆ ಓಡುತ್ತದೆ, ಬುದ್ಧಿ ದಾರಿ ಕೇಳಿಕೊಂಡು ಆಮೇಲೆ ಬರುತ್ತದೆ.

“ಆ ಸರ್ಟಿಫಿಕೇಟ್ನ ಒಲೆಗಾಕು ಕೆಂಚಣ್ಣ,” ಎಂದೆ. “ನಿನ್ ತಾವು ಹಳಿ ಆಕುಸ್ಕಂಡೋರು ಎತ್ತಿನ ಪುಣ್ಯದಲ್ಲಿ ಮನೆ ಸೇರವ್ರೆ, ನಿನ್ ಕೆಲ್ಸದಿಂದಲ್ಲ.”

ಎಲ್ಲರೂ ತಮ್ಮ ತಮ್ಮ ಚಕ್ರ ನೋಡಿಕೊಂಡರು. ಇಬ್ಬರು ಗಾಡಿ ತಿರುಗಿಸಿಕೊಂಡು ಹನೂರಿನ ಕಮ್ಮಾರನಲ್ಲಿಗೆ ಹೋದರು. ಕೆಂಚಯ್ಯ ಚೂರುಗಳನ್ನು ಆಯುತ್ತಾ ಕೂತ.

ಖಾಲಿ ಬಾಗಿಲನ್ನೇ ರೈಟರಿಗೆ ಒಪ್ಪಿಸೋಣವೆಂದು ನಾಲ್ಕನೆಯ ದಿನ ಅದನ್ನು ತರಲು ಕುಲುಮೆಗೆ ಹೋದೆ. ಬಾಗಿಲಿನಲ್ಲಿ ಗಾಜಿತ್ತು. ಗೋಡೆಯ ಸರ್ಟಿಫಿಕೇಟಿಗೆ ಇರಲಿಲ್ಲ. ಬೂದಿಗೆಸೆದಿದ್ದ ಹಗ್ಗ ಮತ್ತೆ ಗಾಜಿನ ಸುತ್ತ ಕೂತಿತ್ತು.

“ಕಬ್ಬುಣ ಅಮುಕಿದ್ರೆ ಮರ ತಡಕತದೆ ಕಣ್ಲಾ ನಂಜಪ್ಪ,” ಎಂದ ಕೆಂಚಯ್ಯ. “ಗಾಜಿಗೆ ಆ ತಾಳ್ಮೆ ಇಲ್ಲ, ನಿನ್ನಂಗೆ. ಸುತ್ತ ರಾಗಿಕಾಳಷ್ಟು ಸಂದು ಬುಟ್ಟಿವ್ನಿ. ಮೊದ್ಲು ಪುಳ್ಳೆ ಆಕಿ ಸಣ್ಣ ಉರಿ ಮಾಡಕ್ಕೇಳು.”

ಕೂಲಿ ಎಷ್ಟೆಂದು ಕೇಳಿದರೆ ಬೇಡವೆಂದು ತಲೆಯಾಡಿಸಿದ. ದೊರೆ ಬಂದ, ಬೆಂಕಿ ನೋಡಿದ, ಸಂತೋಷಪಟ್ಟ. ಆ ಗಾಜನ್ನು ಮದರಾಸಿನಿಂದ ತರಿಸಿದೆನೆಂದು ರೈಟರು ಹೆಸರು ತೆಗೆದುಕೊಂಡರು. ನನ್ನ ಬಾಡಿಗೆ ಉಳಿಯಿತು. ಹನೂರಿಗೆ ಹೋದ ಇಬ್ಬರು ಮಾತ್ರ ತಿರುಗಿ ಬರಲಿಲ್ಲ. ಇನ್ನೂ ಕೆಲವರು ಅವರ ಹಿಂದೆ ಹೋದರು.

ಕೆಂಚಯ್ಯ ಕೂರಿಸಿಕೊಟ್ಟದ್ದು ದೊರೆಯ ಗಾಜನ್ನು, ಮಾದಪ್ಪನದನ್ನಲ್ಲ. ನನ್ನ ತಕರಾರು ಇಂದಿಗೂ ಅದೇ. ಅವ್ವ ಚನ್ನಮಲ್ಲಮ್ಮನದು ಬೇರೆ ನ್ಯಾಯ: ಮೊದಲು ಅವನ ಗಾಜು ಕೊಡು, ಆಡಿದ ಮಾತನ್ನು ಆ ಏಳೆಂಟು ಜನರ ಮುಂದೆಯೇ ವಾಪಸು ತಗೋ, ಮಾದಪ್ಪ ಆಮೇಲೆ ಎಂದಳು. ಅಷ್ಟರಲ್ಲಿ ಅಂಗಡಿಗೆ ಗಾಜು ಬರಲು ಶುರುವಾಗಿತ್ತು. ಪ್ರತಿ ಸಂತೆಗೂ ನೋಡುತ್ತಿದ್ದೆ. ಪ್ರತಿ ಸಂತೆಯಲ್ಲೂ ಮಿಣಿಹಗ್ಗವೋ ಗಾಡಿಯೆಣ್ಣೆಯೋ ತುರ್ತಾಗಿ ಬೇಕಾಗುತ್ತಿತ್ತು. ಏಳೆಂಟು ಜನರನ್ನು ಒಟ್ಟಿಗೆ ಎಲ್ಲಿ ಸೇರಿಸಲಿ, ಹೇಳಿ?

ಹೋದ ಮಾಗಿಯಲ್ಲಿ ಕೆಂಚಯ್ಯ ತೀರಿಕೊಂಡ. ಮಾತಾಡಿಸಲು ಹೋದಾಗ ಅವನ ಹೆಂಡತಿ ವೀರಮ್ಮ ಗೋಡೆಯ ಸರ್ಟಿಫಿಕೇಟು ಇಳಿಸಿ ತಂದಳು. ಗಾಜಿಲ್ಲದ ಕಾಗದದಲ್ಲಿ ಕುಲುಮೆಯ ಹೊಗೆಗೆ ಅಕ್ಷರ ಒಂದೂ ಉಳಿದಿರಲಿಲ್ಲ. ಏನು ಬರೆದಿದೆ ಎಂದು ಕೇಳಿದಳು.

“ಈ ಸೀಮೇಲಿ ಇವ್ನಂಥ ಕಮ್ಮಾರ ಇಲ್ಲ ಅಂತ ಬರ್ದದೆ ಅಕ್ಕ.”

“ಅವ್ರು ಇದ್ದಾಗ ಓದಿದ್ರೆ ಆಯ್ತಿರ್ನಿಲ್ವಾ ನಂಜಪ್ಪ,” ಎಂದು ಕಾಗದ ಮಡಿಸಿಕೊಂಡು ಒಳಗೆ ಹೋದಳು.

ಗಾಜು ಈಗಲೂ ಕೊಳ್ಳೇಗಾಲದ ಅಂಗಡಿಯಲ್ಲೇ ಇದೆ.