ಎರಡು ಸಲ ತಟ್ಟಿದ ಬಳೆ

ರಾತ್ರಿ ಹತ್ತೂವರೆ. ಗಂಗಾವತಿಯ ಹಳೆ ಅಕ್ಕಿ ಗೋದಾಮಿನ ಪುಟ್ಟ ರಂಗಮಂದಿರದಲ್ಲಿ ಎಂಬತ್ತು ಕುರ್ಚಿಗಳೂ ತುಂಬಿವೆ. ರಂಗದ ನಡುವೆ ನಿಂತ ನಟ ಮಾತು ನಿಲ್ಲಿಸಿದ್ದಾನೆ. ಅದು ಪಾತ್ರದ ಮೌನವೋ, ನಟನ ಮರೆವೋ ತಿಳಿಯುತ್ತಿಲ್ಲ. ಆಗ ಎಡಗಡೆಯ ಪರದೆಯ ಹಿಂದೆ ಟಕ್, ಟಕ್ ಎಂದು ಸಣ್ಣ ಸದ್ದು. ಮರದ ಮೇಲೆ ಬಳೆ ತಟ್ಟಿದ ಸದ್ದು. ಅದರ ಬೆನ್ನಿಗೇ ಒಂದು ಪಿಸುಮಾತು. ನಟ ಮುಂದುವರಿಸುತ್ತಾನೆ. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ಮರುದಿನ ಬೆಳಗಿನ ಐದೂವರೆಗೆ ಬಳೆಯ ಆ ಕೈ ಅದೇ ರಂಗದ ಮೇಲೆ ಕಸಬರಿಗೆ ಹಿಡಿದಿದೆ. ಐವತ್ತೆಂಟರ ಅಮರಮ್ಮ ಕುರ್ಚಿಗಳ ಕೆಳಗಿನ ಶೇಂಗಾ ಸಿಪ್ಪೆಯನ್ನು ಬುಟ್ಟಿಗೆ ತುಂಬುತ್ತಿದ್ದಾರೆ.

"ನಗೋ ನಾಟಕ ಇದ್ರ ಎರಡು ಬುಟ್ಟಿ ಸಿಪ್ಪಿ ಬೀಳ್ತಾವ್ರಿ. ನಿನ್ನಿ ಅರ್ಧ ಬುಟ್ಟಿನೂ ಇಲ್ಲ. ತಿನ್ನೂದು ಮರತು ಕುಂತಾರ. ಆಟ ಛಲೋ ಆಗೇತಿ."

ಇದೇ ಗೋದಾಮಿನಲ್ಲಿ ಅವರು ಹಿಂದೆ ಅಕ್ಕಿ ಹಸನು ಮಾಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಮಾಲೀಕ ದೊಡ್ಡಬಸಪ್ಪ ಇದನ್ನು ರಂಗಮಂದಿರ ಮಾಡಿದಾಗ ಕಸ ಗುಡಿಸಲು, ಚಹಾ ಕೊಡಲು ಉಳಿದುಕೊಂಡರು. ಇಲ್ಲಿ ಮೈಕಿಲ್ಲ. ನಟ ಉಸಿರೆಳೆದದ್ದು ಕೊನೆಯ ಸಾಲಿಗೂ ಕೇಳುತ್ತದೆ. ಕನಕಗಿರಿ, ನವಲಿಯಿಂದ ಜನ ಬೈಕಿನಲ್ಲಿ ಬರುವುದು ಅದಕ್ಕಾಗಿಯೇ. ದೊಡ್ಡ ಹಾಲ್‌ಗಳಲ್ಲಿ ಇಂಥ ಆಪ್ತತೆ ಸಿಗುವುದಿಲ್ಲ.

ಅಮರಮ್ಮ ಶಾಲೆಗೆ ಹೋದವರಲ್ಲ. ಆದರೆ ಪರದೆಯ ಹಿಂದೆ ಮರದ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವುದು ಅವರೇ. "ಓದಾಕ ಬರಂಗಿಲ್ರಿ. ಕಿವಿಗೆ ಬಿದ್ದದ್ದು ಹೋಗಂಗಿಲ್ಲ. ಮೂರು ದಿನ ತಾಲೀಮು ನಡೀತಂದ್ರ ಇಡೀ ನಾಟಕ ತಲಿಯಾಗ ಕುಂದರ್ತೈತಿ." ಬಳೆ ಒಂದು ಸಲ ತಟ್ಟಿದರೆ, ಒಂದು ಮಾತು ಬಿಟ್ಟಿದ್ದೀ ಎಂದು ಅರ್ಥ. ಎರಡು ಸಲ ತಟ್ಟಿದರೆ, ಗಾಬರಿಯಾಗಬೇಡ, ಹೇಳಿಕೊಡುತ್ತೇನೆ ಎಂದು.

ಇನ್ನೂರಕ್ಕೂ ಹೆಚ್ಚು ನಾಟಕಗಳಾಗಿವೆ. ಈ ಬರಹಕ್ಕಾಗಿ ಕರಪತ್ರಗಳನ್ನು ನಾನು ಒಂದೊಂದಾಗಿ ತೆಗೆದು ನೋಡಿದ್ದೇನೆ. ಬೆಳಕು ನೋಡಿಕೊಂಡವರ ಹೆಸರಿದೆ, ಕುರ್ಚಿ ಬಾಡಿಗೆ ಕೊಟ್ಟ ಅಂಗಡಿಯ ಹೆಸರಿದೆ, ಉಪ್ಪಿಟ್ಟು ಕೊಡಿಸಿದವರ ಹೆಸರೂ ಇದೆ. ಅಮರಮ್ಮನ ಹೆಸರು ಒಂದರಲ್ಲೂ ಇಲ್ಲ.

ಏಳು ಗಂಟೆಗೆ ದೊಡ್ಡಬಸಪ್ಪನವರ ಸ್ಕೂಟರ್ ಬರುತ್ತದೆ.

"ಏ ಅಮರಮ್ಮ, ನಿನ್ನಿ ಟಕಟಕ ಅಂತ ಏನು ಬಡದಿ? ಸೀನ್ ಕೆಡಿಸಿಬಿಟ್ಲು, ಆ ಮುದುಕಿ ಒಳಗ ಇದ್ರ ನಾವು ಮತ್ತ ಬರಂಗಿಲ್ಲ ಅಂತ ಆ ನಟರು ಸಿಟ್ಟಾಗ್ಯಾರ. ಖರೇ ಹೇಳು, ಅವ್ರು ಮಾತು ಮರತಿದ್ರೇನು?"

ಶುಕ್ರವಾರದ ತಾಲೀಮಿಗೆ ನಾನೂ ಹೋಗಿದ್ದೆ. "ಅಮ್ಮಾ, ಎರಡನೇ ಅಂಕದಲ್ಲಿ ನನ್ನನ್ನು ಸ್ವಲ್ಪ ನೋಡಿಕೊಳ್ಳಿ" ಎಂದು ಆ ನಟ ಕೈಮುಗಿದು ಕೇಳಿಕೊಂಡದ್ದನ್ನು ಕಂಡಿದ್ದೇನೆ. ಚಪ್ಪಾಳೆಯನ್ನು ತನಗಿಟ್ಟುಕೊಂಡು ದೂರನ್ನು ಈಕೆಯ ತಲೆಗೆ ಕಟ್ಟಿಹೋಗಿದ್ದಾನೆ. ಹೌದು ಎಂಬ ಒಂದೇ ಮಾತು ಸಾಕು, ಸ್ಟೂಲು ಉಳಿಯುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮರಮ್ಮ ನನ್ನತ್ತ ನೋಡುತ್ತಾರೆ.

"ಇಲ್ರೀ ಸಾವ್ಕಾರ್ರ. ಕೈ ತಾಗಿತ್ರಿ."

"ವಯಸ್ಸಾತು ನಿನಗ. ಮುಂದಿನ ಆಟದಿಂದ ಗೇಟಿನ್ಯಾಗ ಕುಂದರು." ಸಾವ್ಕಾರರು ತಾವೇ ಸ್ಟೂಲನ್ನು ಎತ್ತಿ ಹೊರಗಿಡುತ್ತಾರೆ. ಹನ್ನೊಂದು ವರ್ಷದ ಲೆಕ್ಕ ಚುಕ್ತಾ ಮಾಡಲು ಅವರಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ಸ್ಕೂಟರ್ ಹೋದ ಮೇಲೆ ನಾನು ದನಿ ಏರಿಸಿಯೇ ಕೇಳುತ್ತೇನೆ, ಯಾಕೆ ಹೇಳಲಿಲ್ಲ ಎಂದು.

"ಪರದಿ ಹಿಂದ ಕುಂತಾಕಿ ಯಾರು ಎಲ್ಲಿ ಮರೀತಾರ ಅಂತ ಹೊರಗ ಹೇಳಿದ್ರ, ಆಕಿನ್ನ ನಂಬಿ ಯಾರು ರಂಗದ ಬೆಳಕಿಗೆ ಬರ್ತಾರ ಹೇಳ್ರಿ?"

"ಇನ್ನು ನೀವು ಅಲ್ಲಿ ಕೂರುವುದೇ ಇಲ್ಲವಲ್ಲ."

"ನಾ ಇಲ್ದಿದ್ರ ಮತ್ತೊಬ್ಬಾಕಿ ಕುಂದರ್ತಾಳ. ಆಕಿನ್ನಾರ ನಂಬಬೇಕಲ್ರಿ."

ಅವರ ಷರತ್ತಿನಂತೆ ಈ ಬರಹದಲ್ಲಿ ಹೆಸರು, ಊರು, ಗೋದಾಮು, ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಹನ್ನೊಂದು ವರ್ಷ ಕರಪತ್ರದಲ್ಲಿ ಬರದ ಹೆಸರು ಇಲ್ಲಿಯೂ ಬರಲಿಲ್ಲ. ಎಷ್ಟು ಸಲ ತಿದ್ದಿ ಬರೆದರೂ ಆ ಸಿಟ್ಟು ನನಗೆ ಇಳಿಯುತ್ತಿಲ್ಲ.

ಸ್ಟೂಲಿದ್ದ ಜಾಗದಲ್ಲಿ ನಾಲ್ಕು ಕಾಲುಗಳ ಗುರುತು ಉಳಿದಿದೆ. ಅಮರಮ್ಮ ಅದರ ಮೇಲೂ ಕಸಬರಿಗೆ ಆಡಿಸುತ್ತಾರೆ. ಗುರುತು ಹೋಗುವುದಿಲ್ಲ.

"ಬಳಿ ಯಾಕ ತಟ್ಟಿತು ಅಂತ ನಾ ಯಾರಿಗೂ ಹೇಳಂಗಿಲ್ರಿ," ಎನ್ನುತ್ತಾರೆ. "ನೀವು ಕಾಲು ಎತ್ರಿ, ಅಲ್ಲಿ ಕಸ ಉಳದೈತಿ."